ನಂಬಿಕೆಗಿಂತ ಮೊದಲು ಗಮನ: ಸೈಕೋಸಿಸ್ ಶುರುವಾಗುವ ಬಗೆ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ, ಮನೋವೈದ್ಯರ ಮುಂದೆ ಮಗನನ್ನೋ ಮಗಳನ್ನೋ ಕೂರಿಸಿಕೊಂಡ ಮನೆಯವರು ಮೊದಲು ಹೇಳುವುದು ನಂಬಿಕೆಯ ವಿಷಯವನ್ನೇ. ‘ಯಾರೋ ಫೋನ್ ಹ್ಯಾಕ್ ಮಾಡಿದ್ದಾರೆ ಅಂತಾನೆ’, ‘ಪಕ್ಕದ ತೋಟದವರು ಸಾಯಿಸೋಕೆ ಹೊಂಚು ಹಾಕ್ತಿದ್ದಾರೆ ಅಂತಾಳೆ’, ‘ಟಿವಿಯಲ್ಲಿ ನನ್ನ ಬಗ್ಗೇನೇ ಮಾತಾಡ್ತಾರೆ ಅಂತ ಕೂಗಾಡ್ತಾನೆ’. ಆ ಮಾತು ಬಾಯಿಂದ ಬಂದ ದಿನವೇ ಕಾಯಿಲೆ ಶುರುವಾಯಿತು ಎಂಬುದು ಮನೆಯವರ ಲೆಕ್ಕ. ಅದಕ್ಕೂ ಮುಂಚೆ ಹೇಗಿದ್ದರು ಎಂದು ಕೆದಕಿದರೆ ಬೇರೆಯೇ ಚಿತ್ರ ಬರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ರಾತ್ರಿ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಊಟದ ನಡುವೆ ಥಟ್ಟನೆ ತಲೆಯೆತ್ತಿ ಕಿಟಕಿ ನೋಡಿರುತ್ತಾರೆ. ‘ಅವರು ಯಾಕೆ ಹಾಗೆ ಕೆಮ್ಮಿದ್ರು?’ ಎಂದು ಕೇಳಿರುತ್ತಾರೆ. ಆಗಿನ್ನೂ ಭ್ರಮೆ ಹುಟ್ಟಿರಲಿಲ್ಲ. ಗಮನ ಮಾತ್ರ ಆಗಲೇ ಹಳಿ ತಪ್ಪಿತ್ತು.

ಸೈಕೋಸಿಸ್ ಎಂದರೆ ವಾಸ್ತವದ ಜೊತೆಗಿನ ಸಂಬಂಧ ಸಡಿಲವಾಗುವ ಸ್ಥಿತಿ. ಇಲ್ಲದ ಧ್ವನಿ ಕೇಳುವುದು, ಪುರಾವೆಗೆ ಜಗ್ಗದ ಭ್ರಮೆಗಳು, ಮಾತು ಮತ್ತು ಯೋಚನೆಯ ಎಳೆ ತಪ್ಪುವುದು ಇದರ ಮುಖ್ಯ ಲಕ್ಷಣಗಳು. ಸ್ಕಿಜೋಫ್ರೇನಿಯಾ (ಚಿತ್ತವಿಕಲತೆ) ಇದರ ಒಂದು ಕಾರಣ ಮಾತ್ರ. ಮನಸ್ಥಿತಿ ಅತಿಯಾಗಿ ಏರಿಳಿಯುವ ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಗಾಂಜಾ, ಹೆರಿಗೆಯ ನಂತರದ ದಿನಗಳು ಕೂಡ ಸೈಕೋಸಿಸ್ ತರಬಲ್ಲವು. ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ ಕಾಣಿಸಿಕೊಳ್ಳುವುದು ಹೆಚ್ಚು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ 1.4ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂಥ ಕಾಯಿಲೆಗೆ ಒಳಗಾಗಿರುತ್ತಾರೆ. ಅವರಲ್ಲಿ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಮಿದುಳು ಕೈಬಿಡಬೇಕಾದದ್ದನ್ನು ಕೈಬಿಡದಿದ್ದಾಗ

ಹಾಸನದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಕಿವಿಗೆ ಬೀಳುವುದಕ್ಕೆ ಲೆಕ್ಕವಿಲ್ಲ. ‘ಬೇಲೂರ್ ಬೇಲೂರ್’ ಎಂದು ಕೂಗುವ ಕಂಡಕ್ಟರ್, ಬೆನ್ನ ಹಿಂದೆ ಯಾರದೋ ನಗು, ಪಕ್ಕದವರು ಫೋನಿನಲ್ಲಿ ‘ಹೂಂ, ಬಂದ, ಇಲ್ಲೇ ನಿಂತವ್ನೆ’ ಎನ್ನುವುದು. ಬೇಕಾದ ಬಸ್ಸಿನ ಹೆಸರೊಂದನ್ನು ಹಿಡಿದುಕೊಂಡು ಮಿಕ್ಕಿದ್ದನ್ನೆಲ್ಲ ಮಿದುಳು ಕೈಬಿಡುತ್ತದೆ. ಈ ಕೈಬಿಡುವ ಕೆಲಸ ನಮ್ಮ ಅರಿವಿಗೆ ಬರುವ ಮೊದಲೇ ನಡೆದುಹೋಗಿರುತ್ತದೆ. ಇದನ್ನು ಇಇಜಿಯಲ್ಲಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯಲ್ಲಿ ಅಳೆಯಬಹುದು. ಅರ್ಧ ಸೆಕೆಂಡಿನ ಅಂತರದಲ್ಲಿ ಒಂದೇ ಬಗೆಯ ಎರಡು ‘ಟಕ್’ ಶಬ್ದ ಕೇಳಿಸುತ್ತಾರೆ. ಶಬ್ದ ಬಿದ್ದ ಸುಮಾರು 50 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಸಣ್ಣ ಅಲೆಯೊಂದು ಏಳುತ್ತದೆ. ಎರಡನೇ ಶಬ್ದ ಹೊಸದೇನನ್ನೂ ಹೇಳುತ್ತಿಲ್ಲವಾದ್ದರಿಂದ ಎರಡನೇ ಅಲೆ ಚಿಕ್ಕದಾಗಬೇಕು. ಸ್ಕಿಜೋಫ್ರೇನಿಯಾ ಇರುವವರ ಗುಂಪಿನಲ್ಲಿ ಅದು ಅಷ್ಟಾಗಿ ತಗ್ಗುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ.

ಯಾವುದನ್ನು ಮುಖ್ಯ ಎಂದು ಗುರುತಿಸಬೇಕು ಎಂಬುದರಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ವೂಲ್ಫ್‌ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಯಿತು. ನಿರೀಕ್ಷಿಸದ ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತವೆ. ರಸಕ್ಕೆ ಮುಂಚೆ ದೀಪ ಹೊತ್ತಿಕೊಳ್ಳುತ್ತದೆ ಎಂದು ಕೋತಿ ಕಲಿತ ಮೇಲೆ ಅವು ಚುರುಕಾಗುವುದು ದೀಪಕ್ಕೆ. ಎಣಿಸಿದ ಹಾಗೆ ರಸ ಬಾರದಿದ್ದರೆ ತಣ್ಣಗಾಗುತ್ತವೆ. ಅಂದರೆ ‘ಇದು ಎಣಿಸಿದ್ದಕ್ಕಿಂತ ಬೇರೆ, ಗಮನಿಸು, ಕಲಿ’ ಎಂದು ಮಿದುಳಿಗೆ ಹೇಳುವ ಸಂಕೇತ ಅದು. 2003ರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಈ ಎಳೆಯನ್ನು ಸೈಕೋಸಿಸ್‌ಗೆ ಜೋಡಿಸಿದರು. ಡೋಪಮೈನ್ ಸಂದರ್ಭವಿಲ್ಲದೆ, ಹೊತ್ತು ಗೊತ್ತಿಲ್ಲದೆ ಚಿಮ್ಮಿದರೆ ಏನೂ ಅಲ್ಲದ ಸಂಗತಿಗಳಿಗೂ ‘ಇದು ಮುಖ್ಯ’ ಎಂಬ ಗುರುತು ಬೀಳುತ್ತದೆ ಎಂಬುದು ಅವರ ವಾದ. 2009ರಲ್ಲಿ ಆಲಿವರ್ ಹೌಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಪೆಟ್ ಸ್ಕ್ಯಾನ್ (ಮಿದುಳಿನ ರಾಸಾಯನಿಕ ಚಟುವಟಿಕೆಯನ್ನು ಚಿತ್ರಿಸುವ ಪರೀಕ್ಷೆ) ಮಾಡಿ, ಪೂರ್ತಿ ಕಾಯಿಲೆ ಇನ್ನೂ ಬಂದಿರದ, ಆರಂಭದ ಲಕ್ಷಣಗಳಷ್ಟೇ ಇದ್ದವರಲ್ಲೂ ಮಿದುಳಿನ ಸ್ಟ್ರೈಯೇಟಮ್ ಎಂಬ ಭಾಗದಲ್ಲಿ ಡೋಪಮೈನ್ ತಯಾರಿಕೆ ಹೆಚ್ಚಿರುವುದನ್ನು ತೋರಿಸಿದರು. ಈ ವಿವರಣೆ ಎಲ್ಲವನ್ನೂ ಬಿಡಿಸುವುದಿಲ್ಲ. ಮಂಕುತನ, ಮಾತು ಕಡಿಮೆಯಾಗುವುದು, ಏನನ್ನೂ ಮಾಡುವ ಮನಸ್ಸಿಲ್ಲದಿರುವುದು ಇದರಿಂದ ಅರ್ಥವಾಗುವುದಿಲ್ಲ. ಆದರೂ ಭ್ರಮೆ ಹುಟ್ಟುವ ಬಗೆಯನ್ನು ಮನೆಯವರಿಗೆ ತಿಳಿಸಿ ಹೇಳಲು ಇದಕ್ಕಿಂತ ಉಪಯುಕ್ತವಾದ ವಿವರಣೆ ಸದ್ಯಕ್ಕಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಆಲೂರು ಕಡೆಯ ಹುಡುಗ, ವಯಸ್ಸು 20, ಹಾಸನದಲ್ಲಿ ಪಿಜಿ ರೂಮಿನಲ್ಲಿದ್ದು ಓದುತ್ತಿದ್ದಾನೆ. ಪರೀಕ್ಷೆ ಹತ್ತಿರ ಬಂದಿದೆ, ಎರಡು ವಾರದಿಂದ ರಾತ್ರಿಗೆ ಮೂರೇ ತಾಸು ನಿದ್ದೆ. ಒಂದು ಬೆಳಿಗ್ಗೆ ಬಿ.ಎಂ. ರಸ್ತೆಯಲ್ಲಿ ನಿಂತಿದ್ದ ಬಿಳಿ ಬೊಲೆರೊ ಒಂದು ಅವನ ಕಣ್ಣಿಗೆ ಒತ್ತಿ ಬರುತ್ತದೆ. ಯಾಕೆಂದು ಗೊತ್ತಿಲ್ಲ, ಆದರೆ ಅದರಲ್ಲಿ ಏನೋ ಇದೆ ಅನ್ನಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಮಾರನೆಯ ದಿನ ಮತ್ತೊಂದು ಬಿಳಿ ಬೊಲೆರೊ. ಈ ಜಿಲ್ಲೆಯಲ್ಲಿ ತೋಟದವರು, ಗುತ್ತಿಗೆದಾರರು, ಇಲಾಖೆಯವರು ಎಲ್ಲರೂ ಓಡಿಸುವುದು ಅದನ್ನೇ, ಎಣಿಸಿದರೆ ದಿನಕ್ಕೆ ಹತ್ತಾರು ಸಿಗುತ್ತವೆ. ಅವನು ಈ ಮೊದಲು ಎಣಿಸುತ್ತಿರಲಿಲ್ಲ, ಈಗ ಎಣಿಸುತ್ತಿದ್ದಾನೆ. ಮೆಸ್ಸಿನಲ್ಲಿ ತಟ್ಟೆ ಇಟ್ಟ ಸದ್ದು, ಎದುರು ಅಂಗಡಿಯವನು ಶಟರ್ ಅರ್ಧಕ್ಕೆ ಇಳಿಸಿದ್ದು, ಗೆಳೆಯ ಮೊಬೈಲ್ ತಿರುಗಿಸಿ ಇಟ್ಟಿದ್ದು, ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ ಕಾಣತೊಡಗುತ್ತವೆ.

ಈ ಹಂತವನ್ನು ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ವಿವರಿಸಿದ್ದರು: ಏನೋ ನಡೆಯುತ್ತಿದೆ ಎಂಬ ಗಟ್ಟಿ ಅನುಭವವಿರುತ್ತದೆ, ಏನೆಂದು ಮಾತ್ರ ತಿಳಿಯುವುದಿಲ್ಲ. ಅದೇ ದೇಶದ ಮನೋವೈದ್ಯ ಕ್ಲೌಸ್ ಕೊನ್ರಾಡ್ 1958ರಲ್ಲಿ ಇದರ ಮುಂದಿನ ಹಂತವನ್ನು ಗುರುತಿಸಿದರು. ತಡೆಯಲಾಗದ ಆ ಒತ್ತಡದ ನಡುವೆ ಒಂದು ದಿನ ಥಟ್ಟನೆ ಎಲ್ಲಕ್ಕೂ ಅರ್ಥ ಹೊಳೆಯುತ್ತದೆ. ‘ಓ, ಇವರೆಲ್ಲ ಸೇರಿ ನನ್ನನ್ನು ಹಿಂಬಾಲಿಸುತ್ತಿದ್ದಾರೆ.’ ಆ ಗಳಿಗೆಯಲ್ಲಿ ಭಯದ ಜೊತೆಗೆ ಒಂದು ನಿರಾಳವೂ ಇರುತ್ತದೆ, ಏಕೆಂದರೆ ಗೊಂದಲ ಮುಗಿಯಿತು. ಭ್ರಮೆಯೊಂದು ಅಷ್ಟು ಬಿಗಿಯಾಗಿ ಕೂರುವುದಕ್ಕೆ ಇದೂ ಒಂದು ಕಾರಣ. ಅದನ್ನು ಕಿತ್ತುಕೊಂಡರೆ ಅವನು ಹಿಂದಿರುಗಬೇಕಾದದ್ದು ನೆಮ್ಮದಿಗಲ್ಲ, ಹೆಸರಿಲ್ಲದ ಆ ಹಳೆಯ ದಿಗಿಲಿಗೆ.

ಹುಡುಗನ ಅನುಭವ ಸುಳ್ಳಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆ ವಾಹನ ನಿಜಕ್ಕೂ ಅವನಿಗೆ ಎದ್ದು ಕಾಣುತ್ತಿದೆ, ಎದೆಬಡಿತ ನಿಜ. ತಪ್ಪಿರುವುದು ಅದಕ್ಕೆ ಅವನು ಕೊಟ್ಟುಕೊಂಡ ಕಾರಣ ಮಾತ್ರ. ಆ ಕಾರಣದ ಸಾಮಗ್ರಿ ಊರಿನಿಂದ, ಕಾಲದಿಂದ, ಮನೆಯಿಂದ ಬರುತ್ತದೆ. ಆಸ್ತಿ ಪಾಲಿನ ಜಗಳವಿದ್ದ ಮನೆಯಲ್ಲಿ ದಾಯಾದಿಗಳು ಬರುತ್ತಾರೆ. ಫೋನ್ ಬಿಡದವನ ಭ್ರಮೆಯಲ್ಲಿ ಹ್ಯಾಕರ್ ಬರುತ್ತಾನೆ. ಮಾಟ-ಮಂತ್ರದ ಮಾತು ಕೇಳಿ ಬೆಳೆದವರಿಗೆ ನಿಂಬೆಹಣ್ಣು ಕಾಣುತ್ತದೆ. ‘ಮಾಟ ಮಾಡಿಸಿರಬಹುದು’ ಎಂದು ಇಡೀ ಕೇರಿ ನಂಬಿದರೆ ಅದು ರೂಢಿಯ ನಂಬಿಕೆ, ರೋಗವಲ್ಲ. ಅದೇ ಮಾತನ್ನು ಒಬ್ಬ ಹೇಳಿದಾಗ ಮಾಟವನ್ನು ನಂಬುವ ಅವನ ಅಜ್ಜಿಯೇ ‘ಇದು ಹಂಗಲ್ಲ, ಮಗೀಗೆ ಏನೋ ಆಗದೆ’ ಎಂದರೆ ಎಚ್ಚರಾಗಬೇಕು. ಊರಿನ ನಂಬಿಕೆ ಎಲ್ಲಿ ಮುಗಿಯುತ್ತದೆ ಎಂಬುದು ಊರಿನವರಿಗೇ ಚೆನ್ನಾಗಿ ಗೊತ್ತು.

ಅಪಾಯದ ಕಡೆಗೇ ವಾಲುವ ಗಮನ

ಎಲ್ಲಕ್ಕೂ ಅರ್ಥ ಬರುವುದು ಒಂದು, ಬರುವ ಅರ್ಥವೆಲ್ಲ ಕೆಡುಕಿನದೇ ಆಗುವುದು ಇನ್ನೊಂದು. ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಆನೆ ಬಂದಿದೆ ಎಂಬ ಸುದ್ದಿಯಿರುವ ಸಂಜೆ ನಡೆದು ಹೋಗುವವರ ಕಿವಿಯನ್ನು ನೆನೆಸಿಕೊಳ್ಳಿ. ಒಣ ಕೊಂಬೆ ಮುರಿದ ಸದ್ದೊಂದೇ ಕೇಳುತ್ತದೆ, ಹಕ್ಕಿ ಕೂಗಿದ್ದು ಕೇಳುವುದಿಲ್ಲ. ಸಿಲ್ವರ್ ಓಕ್ ನೆರಳೂ ಒಂದು ಗಳಿಗೆ ಆನೆಯಾಗುತ್ತದೆ. ಅಲ್ಲಿ ಅದು ಜೀವ ಉಳಿಸುವ ಬುದ್ಧಿ, ಮನೆ ಸೇರಿ ಬಾಗಿಲು ಹಾಕಿದ ಮೇಲೆ ತಾನಾಗಿ ಇಳಿಯುತ್ತದೆ. ಸೈಕೋಸಿಸ್‌ನ ಆರಂಭದಲ್ಲಿ ಅದು ಇಳಿಯುವುದಿಲ್ಲ. ಮನೆಯ ಹಜಾರದಲ್ಲಿ, ತರಗತಿಯಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೂ ಅದೇ ಕಿವಿ, ಅದೇ ಕಣ್ಣು.

ಇದನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಬಣ್ಣಬಣ್ಣದ ಶಾಯಿಯಲ್ಲಿ ಪದಗಳನ್ನು ಬರೆದು, ಪದ ಓದದೆ ಶಾಯಿಯ ಬಣ್ಣವನ್ನಷ್ಟೇ ಹೇಳಿ ಎನ್ನುವ ಪರೀಕ್ಷೆ ಇದೆ. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಬೆಂಟಾಲ್ ಮತ್ತು ಸ್ಯೂ ಕೇನಿ 1989ರಲ್ಲಿ, ತಮಗೆ ಕೇಡು ಬಗೆಯುತ್ತಿದ್ದಾರೆ ಎಂಬ ಭ್ರಮೆ ಇರುವವರಿಗೆ ಬೆದರಿಕೆ, ಮೋಸದಂಥ ಅರ್ಥದ ಪದಗಳ ಬಣ್ಣ ಹೇಳಲು ಹೆಚ್ಚು ಹೊತ್ತು ಹಿಡಿಯುವುದನ್ನು ಕಂಡರು. ಬಣ್ಣ ಹೇಳಬೇಕಾದವರ ಗಮನವನ್ನು ಪದದ ಅರ್ಥ ಎಳೆದುಕೊಂಡಿತ್ತು.

ಕಣ್ಣಿನ ಚಲನೆಯನ್ನು ಹಿಂಬಾಲಿಸುವ ಉಪಕರಣಗಳು ಇನ್ನೂ ಸೂಕ್ಷ್ಮವಾದದ್ದನ್ನು ತೋರಿಸಿವೆ. ಅಪಾಯದ ಸುಳಿವಿನ ಕಡೆಗೆ ಕಣ್ಣು ಮೊದಲ ಕ್ಷಣದಲ್ಲಿ ಹಾರಿ, ಕೂಡಲೇ ಹಿಂತೆಗೆದುಕೊಳ್ಳುವುದುಂಟು. ಸ್ಕಿಜೋಫ್ರೇನಿಯಾ ಇರುವವರು ಮುಖಗಳನ್ನು ನೋಡುವಾಗ ಕಣ್ಣು-ಬಾಯಿಗಳ ಮೇಲೆ ನೆಲೆಸುವ ಹೊತ್ತು ಕಡಿಮೆ, ನೋಟದ ಹರವೂ ಕಡಿಮೆ. ಇದರ ಪರಿಣಾಮವನ್ನು ಯೋಚಿಸಿ. ಎದುರಿನವರು ಹುಬ್ಬು ಗಂಟಿಕ್ಕಿದ್ದು ಕಂಡಿತು, ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದದ್ದು ಕಾಣಲಿಲ್ಲ. ನಗು ಕೇಳಿತು, ಅವರ ಕೈಯಲ್ಲಿದ್ದ ಮೊಬೈಲಿನ ವಿಡಿಯೊ ಕಾಣಲಿಲ್ಲ. ಅನುಮಾನವನ್ನು ಹುಟ್ಟಿಸುವಷ್ಟು ನೋಡಿರುತ್ತಾರೆ, ಅದನ್ನು ಕರಗಿಸುವಷ್ಟು ನೋಡಿರುವುದಿಲ್ಲ.

ಇನ್ನೊಂದು ತೊಡಕೂ ಇದೆ. ಬೀದಿಯಲ್ಲಿ ಒಬ್ಬ ಪದೇ ಪದೇ ಹಿಂತಿರುಗಿ ನೋಡುತ್ತಾ, ಟೋಪಿಯಲ್ಲಿ ಮುಖ ಮುಚ್ಚಿಕೊಂಡು, ಎದುರಾದವರನ್ನು ದಿಟ್ಟಿಸುತ್ತಾ ಹೋದರೆ ಜನ ಅವನನ್ನು ನೋಡಿಯೇ ನೋಡುತ್ತಾರೆ. ‘ಎಲ್ಲರೂ ನನ್ನನ್ನೇ ನೋಡ್ತಾರೆ’ ಎಂಬ ದೂರು ಆಗ ಅಕ್ಷರಶಃ ನಿಜವಾಗುತ್ತದೆ. ‘ಯಾರೂ ನೋಡ್ತಿಲ್ಲ ಕಣೋ’ ಎಂದು ಅಣ್ಣ ಸಮಾಧಾನ ಹೇಳಿದರೆ, ಅಣ್ಣನೇ ಸುಳ್ಳು ಹೇಳುತ್ತಿದ್ದಾನೆ ಎನ್ನುವುದಕ್ಕೆ ಅವನಿಗೆ ಪುರಾವೆ ಸಿಕ್ಕಂತಾಯಿತು.

ಎರಡೇ ಮಣಿಗೆ ತೀರ್ಮಾನ

1988ರಲ್ಲಿ ಹಕ್, ಗ್ಯಾರೆಟಿ ಮತ್ತು ಹೆಮ್ಸ್‌ಲಿ ಪ್ರಕಟಿಸಿದ ಮಣಿಗಳ ಪ್ರಯೋಗ ಈ ಕ್ಷೇತ್ರದಲ್ಲಿ ಬಹಳ ಹೆಸರಾದದ್ದು. ಎರಡು ಜಾಡಿಗಳಿವೆ. ಒಂದರಲ್ಲಿ 85 ಕೆಂಪು, 15 ನೀಲಿ. ಇನ್ನೊಂದರಲ್ಲಿ 85 ನೀಲಿ, 15 ಕೆಂಪು ಎಂದುಕೊಳ್ಳಿ. ಮರೆಯಲ್ಲಿ ಒಂದು ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸಿ ವಾಪಸ್ ಹಾಕುತ್ತಾರೆ. ಯಾವ ಜಾಡಿ ಎಂದು ಖಚಿತವಾದಾಗ ಹೇಳಬೇಕು, ಎಷ್ಟು ಮಣಿ ಬೇಕಾದರೂ ಕೇಳಬಹುದು. ಭ್ರಮೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಒಂದೋ ಎರಡೋ ಮಣಿ ನೋಡಿ ತೀರ್ಮಾನ ಹೇಳಿಬಿಡುತ್ತಾರೆ. ಭ್ರಮೆ ಇಲ್ಲದವರಲ್ಲಿ ಹೆಚ್ಚಿನವರು ಇನ್ನಷ್ಟು ಕಾಯುತ್ತಾರೆ.

ಇದನ್ನು ಬುದ್ಧಿ ಕಡಿಮೆ ಎಂದು ಓದಿಕೊಳ್ಳಬಾರದು. ಲೆಕ್ಕ ಹಾಕಿ ನೋಡಿ: ಮೊದಲ ಎರಡೂ ಮಣಿ ಕೆಂಪಾದರೆ ಅದು ಕೆಂಪು ಹೆಚ್ಚಿರುವ ಜಾಡಿಯೇ ಆಗಿರುವ ಸಂಭವ ಶೇ 97. ಅಂದರೆ ಗಣಿತದ ಪ್ರಕಾರ ಆ ತೀರ್ಮಾನ ಸರಿಯೇ. ಪ್ರಮಾಣವನ್ನು 60:40 ಮಾಡಿದರೆ ಲೆಕ್ಕ ಬದಲಾಗುತ್ತದೆ. ಆಗ ಎರಡು ಕೆಂಪು ಮಣಿ ಬಂದರೂ ಸಂಭವ ಶೇ 69 ಮಾತ್ರ, ಐದೂ ಕೆಂಪಾದರೆ ಶೇ 88. ನಿಜಜೀವನದ ಸುಳಿವುಗಳು ಈ 60:40ರ ಜಾಡಿಗಳಿಗೆ ಹತ್ತಿರ. ಯಾರೋ ಕೆಮ್ಮಿದ್ದು, ಯಾರೋ ತಿರುಗಿದ್ದು, ಇವು ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ಅಲ್ಲಿ ಎರಡೇ ಸುಳಿವಿಗೆ ನಿಲ್ಲುವುದು ಅಪಾಯ. ಗಮನವೂ ವಾಲಿಕೊಂಡಿದ್ದರೆ ಕಣ್ಣಿಗೆ ಬೀಳುವ ಮಣಿಗಳೆಲ್ಲ ಒಂದೇ ಬಣ್ಣದವು.

ತೀರ್ಮಾನ ಆದ ಮೇಲೆ ಅದನ್ನು ಬದಲಿಸಿಕೊಳ್ಳುವುದೂ ಕಷ್ಟ. ವಿರುದ್ಧವಾದ ಪುರಾವೆ ಎದುರಿಗೆ ಬಂದರೂ ಅದಕ್ಕೆ ತೂಕ ಕೊಡದಿರುವ ಒಲವನ್ನು ಟಾಡ್ ವುಡ್‌ವರ್ಡ್ ಮತ್ತು ಸ್ಟೆಫಾನ್ ಮೊರಿಟ್ಸ್ ಅಭ್ಯಸಿಸಿದ್ದಾರೆ. ಇದಕ್ಕೆ ಜೊತೆಯಾಗಿ ತಪ್ಪಿಸಿಕೊಳ್ಳುವ ನಡವಳಿಕೆ ಬರುತ್ತದೆ. ಹುಡುಗ ಬಿ.ಎಂ. ರಸ್ತೆ ಬಿಟ್ಟು ಹಿಂದಿನ ಗಲ್ಲಿಯಿಂದ ಓಡಾಡುತ್ತಾನೆ, ಸಿಮ್ ತೆಗೆದಿಡುತ್ತಾನೆ, ಮೆಸ್ಸಿನ ಊಟ ಬಿಡುತ್ತಾನೆ. ಏನೂ ಆಗುವುದಿಲ್ಲ. ‘ಗಲ್ಲಿಯಿಂದ ಬಂದೆ, ಅದಕ್ಕೇ ಬದುಕಿಕೊಂಡೆ’ ಎಂದುಕೊಳ್ಳುತ್ತಾನೆ. ಅಪಾಯವೇ ಇರಲಿಲ್ಲ ಎಂದು ಕಲಿಯುವ ದಾರಿ ಹೀಗೆ ಮುಚ್ಚಿಹೋಗುತ್ತದೆ.

ಈ ಪರೀಕ್ಷೆಗಳಲ್ಲಿ ಯಾವುದರಿಂದಲೂ ಒಬ್ಬರಿಗೆ ಕಾಯಿಲೆ ಇದೆ ಎಂದು ಹೇಳಲಾಗದು. ಅವು ಗುಂಪು ಗುಂಪುಗಳ ನಡುವಿನ ವ್ಯತ್ಯಾಸವನ್ನು ತೋರಿಸುತ್ತವೆ ಅಷ್ಟೆ. ಆತುರದ ತೀರ್ಮಾನ ಆರೋಗ್ಯವಂತರಲ್ಲೂ ಉಂಟು. ಹಾಗೆಯೇ, ಆರಂಭದ ಲಕ್ಷಣ ಕಂಡವರಲ್ಲಿ ಹೆಚ್ಚಿನವರು ಪೂರ್ತಿ ಸೈಕೋಸಿಸ್‌ಗೆ ಹೋಗುವುದಿಲ್ಲ. ಮೊಬೈಲಿನಲ್ಲಿ ಪ್ರಶ್ನಾವಳಿ ತುಂಬಿ ಹೆದರಿಕೊಳ್ಳುವುದು ಬೇಡ.

ಬೆಂಕಿಗೆ ಸೌದೆಯಾಗುವ ಸಂಗತಿಗಳು

ನಿದ್ದೆಗೇಡು ಕಾಯಿಲೆಯ ಲಕ್ಷಣ ಮಾತ್ರವಲ್ಲ, ಅದನ್ನು ಮುಂದಕ್ಕೆ ತಳ್ಳುವ ಕಾರಣವೂ ಹೌದು. 2017ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಫ್ರೀಮನ್ ತಂಡ ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ, ನಿದ್ದೆಯ ತೊಂದರೆಯಿದ್ದ 3,755 ವಿದ್ಯಾರ್ಥಿಗಳ ಮೇಲೆ ಅಧ್ಯಯನ ನಡೆಸಿತು. ಒಂದು ಗುಂಪಿಗೆ ಆನ್‌ಲೈನಿನಲ್ಲಿ ನಿದ್ದೆ ಸರಿಪಡಿಸುವ ಚಿಕಿತ್ಸೆ ಕೊಟ್ಟರು. ನಿದ್ದೆ ಸುಧಾರಿಸಿದ್ದರ ಜೊತೆಗೆ ಅನುಮಾನ ಮತ್ತು ಇಲ್ಲದ್ದು ಕಾಣುವ, ಕೇಳುವ ಅನುಭವಗಳೂ ಸ್ವಲ್ಪ ತಗ್ಗಿದವು. ಮನೆಯಲ್ಲಿ ಇವತ್ತೇ ಶುರು ಮಾಡಬಹುದಾದ ಕೆಲಸವೆಂದರೆ ಇದು: ಏಳುವ ಹೊತ್ತು ದಿನವೂ ಒಂದೇ ಇರಲಿ, ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಓಡಾಟವಿರಲಿ, ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ. ಕಾಫಿ ನಾಡಿನಲ್ಲಿ ಈ ಮಾತು ಕಷ್ಟವೇ, ಆದರೂ ಹೇಳಲೇಬೇಕು. ಮೊಬೈಲ್ ರಾತ್ರಿ ಹಜಾರದಲ್ಲಿ ಚಾರ್ಜಿಗಿರಲಿ.

ಗಾಂಜಾ ಇನ್ನೊಂದು. ‘ಗಿಡಮೂಲಿಕೆ ತಾನೆ’ ಎನ್ನುವ ಹುಡುಗರಿದ್ದಾರೆ. ಅದರಲ್ಲಿನ ಟಿಎಚ್‌ಸಿ ಅಂಶ ಸೈಕೋಸಿಸ್‌ನ ಅಪಾಯವನ್ನು ಹೆಚ್ಚಿಸುತ್ತದೆ. ದಿನವೂ ಸೇದುವವರಲ್ಲಿ, ಚಿಕ್ಕ ವಯಸ್ಸಿಗೇ ಶುರು ಮಾಡಿದವರಲ್ಲಿ, ಮನೆತನದಲ್ಲಿ ಈ ಕಾಯಿಲೆ ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚು. ಮೊದಲ ಬಾರಿ ಕಾಯಿಲೆ ಬಂದ ಮೇಲೂ ಮುಂದುವರಿಸಿದರೆ ಮರುಕಳಿಸುವ ಅಪಾಯ ಹೆಚ್ಚುತ್ತದೆ.

ಮೂರನೆಯದು ಒಂಟಿತನ. ಕೋಣೆಯೊಳಗೆ ಕೂತವನಿಗೆ ತನ್ನ ಊಹೆಯನ್ನು ತಾಳೆ ನೋಡಲು ಇನ್ನೊಬ್ಬರಿಲ್ಲ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ರಿಸ್ಪೆರಿಡೋನ್, ಓಲಾಂಜಪಿನ್‌ನಂಥ ಔಷಧಗಳು ಮುಖ್ಯವಾಗಿ ಡೋಪಮೈನ್‌ನ ಡಿ2 ಗ್ರಾಹಕಗಳ (ನರಕೋಶಗಳಲ್ಲಿ ಡೋಪಮೈನ್ ಬಂದು ಕೂರುವ ಜಾಗಗಳು) ಮೇಲೆ ಕೆಲಸ ಮಾಡುತ್ತವೆ. ಆ ಗ್ರಾಹಕಗಳಲ್ಲಿ ಸುಮಾರು ಶೇ 65ರಷ್ಟನ್ನು ಹಿಡಿದಾಗ ಗುಣ ಕಾಣುತ್ತದೆ, ಶೇ 80ರ ಹತ್ತಿರ ಹೋದರೆ ಕೈಕಾಲು ಬಿಗಿತ, ನಡುಕದಂಥ ಅಡ್ಡಪರಿಣಾಮ ಹೆಚ್ಚುತ್ತದೆ ಎಂದು ಪೆಟ್ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಹಾಗಾಗಿ ಮೊದಲ ಬಾರಿ ಕಾಯಿಲೆ ಬಂದವರಿಗೆ ಕಡಿಮೆ ಪ್ರಮಾಣದಿಂದಲೇ ಶುರು ಮಾಡುತ್ತಾರೆ. ‘ಡೋಸ್ ಜಾಸ್ತಿ ಮಾಡಿ, ಬೇಗ ವಾಸಿಯಾಗ್ಲಿ’ ಎಂದು ಒತ್ತಾಯಿಸುವುದರಿಂದ ಲಾಭವಿಲ್ಲ.

ಮಾತ್ರೆಯಿಂದ ಭ್ರಮೆ ಅಳಿಸಿಹೋಗುವುದಿಲ್ಲ. ಸುತ್ತಲಿನ ಸಂಗತಿಗಳಿಗೆ ಬಿದ್ದಿದ್ದ ‘ಇದು ಮುಖ್ಯ’ ಎಂಬ ಗುರುತು ಮಾಸುತ್ತದೆ. ಒಂದೆರಡು ವಾರದಲ್ಲಿ ಹುಡುಗ ‘ಆ ಗಾಡಿ ಇದೆ, ಆದ್ರೆ ಈಗ ಅಷ್ಟು ತಲೆ ಕೆಡಲ್ಲ’ ಎನ್ನಬಹುದು. ಹಿಂಬಾಲಿಸುತ್ತಿದ್ದರು ಎಂದು ಇನ್ನೂ ನಂಬಿರುತ್ತಾನೆ. ಅಲ್ಲಿಗೆ ಮನೆಯವರು ನಿರಾಶರಾಗಬಾರದು, ಔಷಧ ಕೆಲಸ ಮಾಡುತ್ತಿರುವ ಗುರುತೇ ಅದು. ಹೊಸ ಪುರಾವೆ ಸೇರುವುದು ನಿಂತ ಮೇಲೆ ಹಳೆಯ ನಂಬಿಕೆ ಸಡಿಲಾಗಲು ವಾರಗಳು, ತಿಂಗಳುಗಳು ಬೇಕು. ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಕೊಟ್ಟೂ ಗುಣ ಕಾಣದಿದ್ದರೆ ವೈದ್ಯರು ಔಷಧ ಬದಲಿಸುತ್ತಾರೆ.

ಚಿಕಿತ್ಸೆ ಕೆಡುವುದು ಬಹಳಷ್ಟು ಸಲ ಅಡ್ಡಪರಿಣಾಮಗಳಿಂದ. ಓಲಾಂಜಪಿನ್‌ನಿಂದ ಹಸಿವು ಹೆಚ್ಚಿ ತೂಕ ಏರುತ್ತದೆ. ರಿಸ್ಪೆರಿಡೋನ್‌ನಿಂದ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಬಹುದು. ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು, ಮನೆಯವರು ಅದನ್ನು ಕಾಯಿಲೆ ಹೆಚ್ಚಾಯಿತು ಎಂದು ತಪ್ಪು ತಿಳಿಯುತ್ತಾರೆ. ಇವನ್ನು ವೈದ್ಯರಿಗೆ ಹೇಳಿದರೆ ದಾರಿಯಿದೆ. ಹೇಳದೆ ಮಾತ್ರೆ ನಿಲ್ಲಿಸುವುದು ಮಾತ್ರ ಕೂಡದು. ಮೊದಲ ಬಾರಿ ಕಾಯಿಲೆ ಬಂದವರನ್ನು ಐದು ವರ್ಷ ಗಮನಿಸಿ 1999ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ, ಔಷಧ ಬಿಟ್ಟವರಲ್ಲಿ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತ್ತು. ಪೂರ್ತಿ ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಲು ಹೇಳುವುದು ಅದಕ್ಕೇ.

ಔಷಧದ ಜೊತೆಗೆ ಮಾತಿನ ಚಿಕಿತ್ಸೆಯೂ ಇದೆ. ಮೊರಿಟ್ಸ್ ಮತ್ತು ವುಡ್‌ವರ್ಡ್ ರೂಪಿಸಿದ ಮೆಟಾಕಾಗ್ನಿಟಿವ್ ತರಬೇತಿಯಲ್ಲಿ, ಅಂದರೆ ತಾನು ಯೋಚಿಸುವ ಬಗೆಯನ್ನೇ ಗಮನಿಸಲು ಕಲಿಸುವ ತರಬೇತಿಯಲ್ಲಿ, ರೋಗಿಯ ಭ್ರಮೆಯನ್ನು ನೇರವಾಗಿ ಮುಟ್ಟದೆ, ಚಿತ್ರ-ಪ್ರಸಂಗಗಳನ್ನು ತೋರಿಸಿ ಆತುರದ ತೀರ್ಮಾನ ಎಲ್ಲಿ ಎಡವುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುವಂತೆ ಮಾಡುತ್ತಾರೆ. ಫ್ರೀಮನ್ ತಂಡ 2015ರಲ್ಲಿ 150 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಚಿಂತೆ ಕಡಿಮೆ ಮಾಡುವ ಆರು ಭೇಟಿಗಳ ಚಿಕಿತ್ಸೆಯಿಂದ ಭ್ರಮೆಯ ಬಲವೂ ತಗ್ಗಿತು. ನಂಬಿಕೆಯ ಜೊತೆ ಗುದ್ದಾಡದೆ ಅದರ ಸುತ್ತಲಿನ ನಿದ್ದೆ, ಚಿಂತೆ, ಗಮನಗಳನ್ನು ಸರಿಪಡಿಸಿದರೆ ನಂಬಿಕೆ ತಾನೇ ಸೊರಗುತ್ತದೆ ಎಂಬುದನ್ನು ಈ ಎಲ್ಲ ಕೆಲಸಗಳೂ ತೋರಿಸುತ್ತವೆ.

ಮನೆಯಲ್ಲಿ ಆಡುವ ಮಾತು

ವಾದ ಮಾಡಬೇಡಿ, ಒಪ್ಪಿಕೊಳ್ಳಲೂ ಬೇಡಿ. ‘ನಿಂಗೆ ತಲೆ ಕೆಟ್ಟಿದೆ’ ಎಂದರೆ ಬಾಗಿಲು ಮುಚ್ಚುತ್ತದೆ. ‘ಹೌದು, ನಾನೂ ನೋಡ್ದೆ, ಅವರೇ ಮಾಡಿರೋದು’ ಎಂದರೆ ಭ್ರಮೆಗೆ ಸಾಕ್ಷಿ ಹೇಳಿದಂತೆ. ಅನುಭವವನ್ನು ಹಿಡಿದು ಮಾತಾಡಬೇಕು.

‘ಅವ್ವ, ಆ ಗಾಡಿ ಇವತ್ತೂ ಬಂದಿತ್ತು.’

‘ಅದನ್ನ ನೋಡಿ ಭಯ ಆಯ್ತೇನೋ ಮಗ?’

‘ಎದೆ ಹೊಡ್ಕೊಳ್ತದೆ. ನಿಂಗೆ ಗೊತ್ತಾಗಲ್ಲ.’

‘ನಂಗೆ ಆ ಗಾಡಿ ವಿಷ್ಯ ಗೊತ್ತಿಲ್ಲ ಕಣಪ್ಪ. ನೀನು ಹೆದರಿದ್ದೀಯ ಅನ್ನೋದು ಕಾಣ್ತದೆ. ನಾಲ್ಕು ದಿನದಿಂದ ಮಲಗಿಲ್ಲ. ನಿದ್ದೆಗಾದ್ರೂ ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರಾಣ.’

ಈ ತಾಯಿ ಸುಳ್ಳು ಹೇಳಿಲ್ಲ, ಗೇಲಿ ಮಾಡಿಲ್ಲ. ಹುಡುಗನೇ ಒಪ್ಪುವ ತೊಂದರೆಯನ್ನು, ಅಂದರೆ ನಿದ್ದೆಯನ್ನು ಹಿಡಿದು ಆಸ್ಪತ್ರೆಯ ಮಾತು ತೆಗೆದಿದ್ದಾಳೆ. ಅಪ್ಪ, ಅಣ್ಣ, ಮಾವ ಎಲ್ಲರೂ ಸುತ್ತ ಕೂತು ಬುದ್ಧಿ ಹೇಳುವುದಕ್ಕಿಂತ ಅವನು ನಂಬುವ ಒಬ್ಬರೇ, ಟಿವಿ ಆರಿಸಿ, ಎದುರಿಗಲ್ಲದೆ ಪಕ್ಕದಲ್ಲಿ ಕೂತು, ಮೆಲ್ಲಗೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡುವುದು ಒಳ್ಳೆಯದು. ಅವನ ಕಣ್ಣೆದುರು ಪಿಸುಗುಟ್ಟಬೇಡಿ, ಕೋಣೆಯ ಹೊರಗೆ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಬೇಡಿ. ವಾಲಿದ ಗಮನಕ್ಕೆ ಮೊದಲು ಸಿಗುವುದು ಅದೇ.

ವೈದ್ಯರ ಬಳಿ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಮೊದಲ ಬದಲಾವಣೆ ಯಾವ ತಿಂಗಳಲ್ಲಿ ಕಂಡಿತು, ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಹೇಗಿದೆ, ಓದು ಅಥವಾ ಕೆಲಸ ಎಂದಿನಿಂದ ಕುಸಿಯಿತು, ಗಾಂಜಾ ಅಥವಾ ಕುಡಿತ ಇದೆಯೇ, ಮನೆತನದಲ್ಲಿ ಯಾರಿಗಾದರೂ ಇತ್ತೇ, ಬೇರೆ ಯಾವ ಔಷಧ ನಡೆಯುತ್ತಿದೆ. ಥೈರಾಯ್ಡ್, ಬಿ12 ಕೊರತೆ, ಮೂರ್ಛೆರೋಗ, ಮಿದುಳಿನ ಉರಿಯೂತ, ಸ್ಟೆರಾಯ್ಡ್ ಮಾತ್ರೆ, ಇವೂ ಇಂಥ ಲಕ್ಷಣ ತರಬಲ್ಲವಾದ್ದರಿಂದ ರಕ್ತಪರೀಕ್ಷೆ ಮಾಡಿಸಲು ಹೇಳಿದರೆ ಬೇಡ ಎನ್ನಬೇಡಿ.

ಕೆಲವು ಸಂದರ್ಭಗಳಲ್ಲಿ ಒಂದು ದಿನವೂ ಕಾಯುವಂತಿಲ್ಲ. ಜ್ವರದ ಜೊತೆ ಗೊಂದಲ, ಫಿಟ್ಸ್, ಊಟ-ನೀರು ಪೂರ್ತಿ ಬಿಟ್ಟಿರುವುದು, ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಗೆ ನಿದ್ದೆ ಹೋಗಿ ಮಾತು ವಿಚಿತ್ರವಾಗುವುದು, ಸಾಯುವ ಮಾತು, ‘ಹೀಗೆ ಮಾಡು’ ಎಂದು ಆಜ್ಞೆ ಮಾಡುವ ಧ್ವನಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ತೋಟದ ಮನೆಗಳಲ್ಲಿ ಕ್ರಿಮಿನಾಶಕ, ಕೋವಿ ಇದ್ದರೆ ಅದೇ ದಿನ ಬೀಗ ಹಾಕಿ ಕೀಲಿಯನ್ನು ಬೇರೆಯವರ ಕೈಗೆ ಕೊಡಿ. ಆಂಬುಲೆನ್ಸ್‌ಗೆ 108.

ಎಲ್ಲಿಗೆ ಹೋಗುವುದು? ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಹಿಮ್ಸ್, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎರಡೂ ಜಿಲ್ಲೆಗಳಿಗಿದೆ. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇರುವುದರಿಂದ, ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿ ಬರಲು ಒಪ್ಪದಿದ್ದರೆ ಮನೆಯವರೇ ಮೊದಲು ಕರೆ ಮಾಡಿ ಸಲಹೆ ಪಡೆಯಬಹುದು.

ಹರಕೆ ಹೊರುವುದಕ್ಕೆ, ದೇವಸ್ಥಾನಕ್ಕೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ, ಮಾತ್ರೆ ತಪ್ಪದಿದ್ದರೆ ಸಾಕು. ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಮಾತ್ರ ಯಾರು ಹೇಳಿದರೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಇಷ್ಟೇ ಹಾನಿ ಮಾಡುವುದು ಮುಂದೂಡುವಿಕೆ. ‘ಕಾಫಿ ಕುಯ್ಲು ಮುಗೀಲಿ’, ‘ಅಕ್ಕನ ಮದ್ವೆ ಆಗ್ಲಿ, ಆಮೇಲೆ ತೋರ್ಸಾಣ’ ಎಂದು ನವೆಂಬರಿನಿಂದ ಮಾರ್ಚಿಗೆ ಹೋದರೆ ಅಷ್ಟೂ ತಿಂಗಳು ಚಿಕಿತ್ಸೆಯಿಲ್ಲದೆ ಕಳೆದಂತೆ. ಚಿಕಿತ್ಸೆಯಿಲ್ಲದ ಅವಧಿ ಉದ್ದವಾದಷ್ಟೂ ಗುಣವಾಗುವುದು ನಿಧಾನ, ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ.

ಗುಣವಾದ ಮೇಲೆ ರೋಗಿ, ಮನೆಯವರು, ವೈದ್ಯರು ಕೂತು ಇನ್ನೊಂದು ಹಾಳೆ ಬರೆದಿಟ್ಟುಕೊಳ್ಳಬೇಕು. ಈ ಬಾರಿ ಮೊದಲು ಬದಲಾದದ್ದು ಏನು? ಒಬ್ಬರಿಗೆ ಅದು ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಇನ್ನೊಬ್ಬರಿಗೆ ನಂಬರ್ ಪ್ಲೇಟ್ ಓದತೊಡಗುವುದು, ಮತ್ತೊಬ್ಬರಿಗೆ ಮನೆಯವರ ಅಡುಗೆಯ ಮೇಲೆ ಅನುಮಾನ. ಕಾಯಿಲೆ ಮರುಕಳಿಸುವಾಗ ಬಹುತೇಕ ಅದೇ ಕ್ರಮದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅಂಥ ಎರಡು ಗುರುತು ಮೂರು ದಿನ ಸತತವಾಗಿ ಕಂಡರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು, ಎರಡು ನಂಬರ್ ಸಮೇತ, ಆ ಹಾಳೆಯ ಕೆಳಗೆ ಬರೆದು ಮಾತ್ರೆಯ ಡಬ್ಬಿಯ ಜೊತೆಗೇ ಇಡಿ.